ಕುಳ್ಳಿನ ಬಣವೆ ಇಲ್ಲದ ಮನೆಯ ಹೆಣ್ಣು

ಕಳೆದ ವಾರ ನನ್ನ ಅಕ್ಕನ ಮಗಳು ಶಾಂತಾಳ ಮದುವೆ ಮಾತು ಸಗಣಿಯಿಂದಾಗಿ ಮುರಿದುಬೀಳುವುದರಲ್ಲಿತ್ತು.

ನಗಬೇಡಿ. ನಮ್ಮ ಕಡೆ ಹೆಣ್ಣು ನೋಡಲು ಬಂದವರು ಮೊದಲು ನೋಡುವುದು ಹೆಣ್ಣನ್ನಲ್ಲ, ಹಿತ್ತಲನ್ನು. ಅಲ್ಲಿ ಸಗಣಿ ತಟ್ಟಿ ಒಣಗಿಸಿದ ಕುಳ್ಳಿನ ಬಣವೆ ಎತ್ತರವಾಗಿದ್ದರೆ ದನಕರು ಇವೆ, ಹೆಂಗಸರು ದುಡಿಯುತ್ತಾರೆ ಎಂದರ್ಥ. (ಹುಡುಗಿಯ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಯಾರಿಗೂ ಬೇಡ.)

ಗಬ್ಬೂರಿನ ಅಕ್ಕನ ಹಿತ್ತಲಲ್ಲಿ ಈಗ ಬಣವೆಯೇ ಇಲ್ಲ. ಹೋದ ವರ್ಷ ಭಾವ ಗೋಬರ್ ಗ್ಯಾಸ್ ಗುಂಡಿ ಕಟ್ಟಿಸಿದರು. ಸಗಣಿಯೆಲ್ಲ ಅದರ ಹೊಟ್ಟೆಗೆ. ಅದರಿಂದ ಬರುವ ಗ್ಯಾಸಿನಲ್ಲೇ ಅಡುಗೆ.

ಚೀಕಲಪರ್ವಿಯಿಂದ ಬಂದ ಹುಡುಗನ ತಾಯಿ ಹಿತ್ತಲಿಗೊಂದು ಸುತ್ತು ಹಾಕಿ ಬಂದರು. (ದನಗಳು ಮೇಯಲು ಹೋಗಿದ್ದವು.) "ಯಾಕ್ರೀ, ದನ ಎಲ್ಲಾ ಮಾರೀರೇನು? ಒಂದು ಕುಳ್ಳೂ ಕಾಣವಲ್ದು!"

ಅಕ್ಕನ ಮುಖ ಇಳಿಯಿತು. ಹುಡುಗ ಮಾನ್ವಿಯಲ್ಲಿ ಮೇಷ್ಟ್ರು, ಈ ಸಂಬಂಧ ಅವಳಿಗೆ ಬಹಳ ಮನಸ್ಸಿಗೆ ಬಂದಿತ್ತು. ಭಾವನನ್ನು ಗುರಾಯಿಸಿದಳು: "ಮಂದಿ ನೋಡ್ಲಿಕ್ಕರ ನಾಕು ಕುಳ್ಳು ತಟ್ಟೂಣು ಅಂತ ನಾ ಹೇಳಿದ್ದಿಲ್ಲೇನು?"

ತಲೆ ತಗ್ಗಿಸಿ ಕೂರಬೇಕಾದ ಶಾಂತಾ ಎದ್ದು ನಿಂತಳು. "ಒಳಗ ಬರ್ರಿ ಅತ್ತಿ" ಎಂದು ಹುಡುಗನ ತಾಯಿಯನ್ನು ಅಡುಗೆಮನೆಗೇ ಕರೆದೊಯ್ದಳು. ನಾನೂ ಹಿಂದೆ ಹೋದೆ. (ಕುತೂಹಲ ಬಿಡಬೇಕಲ್ಲ?)

ಒಲೆ ಹಚ್ಚಿದಳು. ನೀಲಿ ಉರಿ. ಜೋಳದ ರೊಟ್ಟಿ ಬಡಿದು ಹಾಕಿದಳು, ಚೆನ್ನಾಗಿ ಉಬ್ಬಿತು. ಆದರೆ ಆ ತಾಯಿ ನೋಡಿದ್ದು ರೊಟ್ಟಿಯನ್ನಲ್ಲ, ಗೋಡೆಯನ್ನು. ದೀಪಾವಳಿಗೆ ಬಳಿದ ಸುಣ್ಣ ಹಾಗೇ ಬೆಳ್ಳಗಿತ್ತು. ಒಲೆಯ ಮುಂದೆ ಕೂತ ಅಭ್ಯಾಸಕ್ಕೆ ಸೆರಗಿನಿಂದ ಕಣ್ಣೊರೆಸಲು ಹೋದರು. ಒರೆಸಲು ನೀರೇ ಬಂದಿರಲಿಲ್ಲ.

"ಲಗ್ನಾಗಿ ಬಂದಾಗಿಂದ ಹೊಗಿ ಕುಡ್ಯಾಕತ್ತೀನವ್ವಾ" ಎಂದರು ಮೆಲ್ಲಗೆ.

ಅದಕ್ಕೂ ಹಿಂದಿನ ವಾರ ರೇಡಿಯೋದಲ್ಲಿ ವಿಜ್ಞಾನಿಯೊಬ್ಬರು ಹೇಳುತ್ತಿದ್ದರು: ಕಲ್ಲಿದ್ದಲು, ಪೆಟ್ರೋಲು ಉರಿಸಿ, ಮರ ಕಡಿದು ನಾವು ಭೂಮಿಗೆ ಇಂಗಾಲದ ಅನಿಲದ ಕೌದಿ ಹೊದಿಸುತ್ತಿದ್ದೇವಂತೆ. ಶಾಖ ಹೊರಗೆ ಹೋಗದೆ ಭೂಮಿ ಬಿಸಿಯಾಗುತ್ತಿದೆಯಂತೆ. ರಾಯಚೂರಿನವನಿಗೆ ಬಿಸಿಲಿನ ಪಾಠವೇ ಎಂದು ನಾನು ನಕ್ಕಿದ್ದೆ.

ಈಗ ಅನಿಸುತ್ತಿದೆ, ಅಕ್ಕನ ಗುಂಡಿ ಆ ಕೌದಿಯ ಒಂದು ಎಳೆಯನ್ನಾದರೂ ಬಿಚ್ಚುತ್ತಿಲ್ಲವೇ? ಸೌದೆಗೆಂದು ಕಡಿಯುತ್ತಿದ್ದ ಹಳ್ಳದ ದಂಡೆಯ ಜಾಲಿ ಮರಗಳಿಗೆ ಕೊಡಲಿ ತಪ್ಪಿತು. ಗುಂಡಿಯಿಂದ ಹೊರಬಂದ ರಾಡಿ ಹೊಲಕ್ಕೆ ಒಳ್ಳೆಯ ಗೊಬ್ಬರ. ನಾವು ಸಿಟಿಯವರೋ, ಪಾನ್ ಅಂಗಡಿಗೂ ಸ್ಕೂಟರ್ ಹತ್ತುತ್ತೇವೆ! ಸೈಕಲ್ ಏನು ಪಾಪ ಮಾಡಿದೆ? ಬೇಸಿಗೆಯಲ್ಲಿ ನೆರಳು ಹುಡುಕುವ ನಾವು ಬಾಗಿಲ ಮುಂದೆ ಒಂದು ಬೇವಿನ ಸಸಿ ನೆಟ್ಟಿದ್ದೇವೆಯೇ?

ಅಂದಹಾಗೆ, ಹುಡುಗನ ತಾಯಿ ಅಲ್ಲೇ ಒಪ್ಪಿದರು. ಶಾಂತಾ ಇನ್ನೂ ಒಪ್ಪಿಲ್ಲ! ಬಸ್ಸಿಗೆ ಹೊರಟ ನನ್ನನ್ನು ತಡೆದು ಹೇಳಿದಳು: "ಮಾಮಾ, ನೀ ಹೋಗಿ ಅವರ ಅಡಗಿಮನಿ ಗ್ವಾಡಿ ನೋಡ್ಕೊಂಡು ಬಾ. ಕರ್ರಗಿದ್ರ ಮೊದಲ ಗುಂಡಿ ತೋಡ್ಸ್ರಿ, ಆಮ್ಯಾಲ ಮುಹೂರ್ತ ಅಂತ ಹೇಳು."

ಭಾನುವಾರ ಚೀಕಲಪರ್ವಿಗೆ ಹೊರಟಿದ್ದೇನೆ. ಅಷ್ಟರಲ್ಲಿ ಹೇಳಿ, ನಿಮ್ಮ ಅಡುಗೆಮನೆಯ ಗೋಡೆ ಯಾವ ಬಣ್ಣದ್ದು?