ತಂಗೆವ್ವ ಹಸನು ಮಾಡಿ ಕೊಟ್ಟ ಮೀನು

ಮೀನಿನ ಕಿವಿರು ಎತ್ತಿ ನೋಡಿದರೆ ಸಾಕು, ಅದು ಬಂದ ಕೆರೆಯ ನೀರು ಹೇಗಿದೆ ಎಂದು ತಂಗೆವ್ವ ಹೇಳಿಬಿಡುತ್ತಿದ್ದಳು. ಇಚಲಕರಂಜಿಯ ಸಂತೆಯಲ್ಲಿ ಇಪ್ಪತ್ತು ವರ್ಷ ಮೀನು ಕೊಯ್ದ ಕೈ ಅವಳದು. ನಾವು ಗಿರಾಕಿಗಳು ತೂಕಕ್ಕೆ ಜಗಳ ತೆಗೆಯುತ್ತಿದ್ದೆವೇ ಹೊರತು ಮಾಲಿನ ಬಗ್ಗೆ ತುಟಿ ಬಿಚ್ಚುತ್ತಿರಲಿಲ್ಲ.

೧೯೬೪ರ ಬೇಸಿಗೆ. ಊರಾಚೆಯ ಕೆರೆಯ ದಂಡೆಯಲ್ಲಿ ನೂಲಿಗೆ ಬಣ್ಣ ಹಾಕುವ ಕಾರ್ಖಾನೆ ಶುರುವಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅವಳ ಗಂಡ ಯಲಗೂರಪ್ಪನ ಬಲೆಗೆ ಬಿದ್ದ ಮೀನುಗಳ ಕಿವಿರು ಬೂದಿಬಣ್ಣಕ್ಕೆ ತಿರುಗಿತ್ತು, ಮೇಲೆಲ್ಲ ಅಂಟು ಲೋಳೆ. ಹೊಟ್ಟೆ ಸೀಳಿದರೆ ಕಾಳಿಜ, ಅಂದರೆ ಯಕೃತ್ತು, ಬಿಳಿಚಿಕೊಂಡು, ಚುಕ್ಕೆ ಚುಕ್ಕೆಯಾಗಿ, ಬೆರಳು ತಾಗಿದರೆ ಪುಡಿಯಾಗುತ್ತಿತ್ತು. ಮಾಂಸ ಮಾತ್ರ ಎಂದಿನಂತೆ ಬೆಳ್ಳಗೆ. ತಂಗೆವ್ವ ಅವತ್ತೇ ಕೆರೆಯ ಮೀನು ಮಾರುವುದನ್ನು, ತಿನ್ನುವುದನ್ನು ಬಿಟ್ಟಳು. ಬಣ್ಣದ ನೀರು ಕೆರೆಗೆ ಬರದಂತೆ ನಿಲ್ಲಿಸಿರೆಂದು ಊರಿನ ದೊಡ್ಡವರ ಮುಂದೆಲ್ಲ ಬಾಯಿ ಬಡಿದುಕೊಂಡಳು. ಮೀನು ಕೊಯ್ಯುವವಳ ಮಾತನ್ನು ಯಾರು ಕಿವಿಗೆ ಹಾಕಿಕೊಳ್ಳಬೇಕು? ಓದಿದವರು ಬರೆದುಕೊಟ್ಟ ಕಾಗದ ತಾ ಎಂದರು.

ಅವಳಿಗೆ ಓದು ಬಾರದು. ಓದು ಬಲ್ಲವನು ತಮ್ಮ ಮಾಯಪ್ಪ. ಅವ್ವ ಸತ್ತ ಮೇಲೆ ಇವಳೇ ಎತ್ತಿ ಆಡಿಸಿ ಬೆಳೆಸಿದವನು. ಅದೇ ಕಾರ್ಖಾನೆಯಲ್ಲಿ ಕೂಲಿಗಿದ್ದ. ಅವನನ್ನೇ ಕೊಲ್ಹಾಪುರದ ಕಾಲೇಜಿಗೆ, ಪ್ರಾಣಿಶಾಸ್ತ್ರದ ಮಾಸ್ತರ ಹತ್ತಿರ ಕಳಿಸಿದಳು. ಮೀನು ಕೊಟ್ಟರೆ ಪರೀಕ್ಷೆ ಮಾಡಿ ಬರೆದುಕೊಡುತ್ತೇನೆಂದು ಮಾಸ್ತರು ಒಪ್ಪಿದರಂತೆ.

"ಹೆಂಗ ಕೊಡಬೇಕಂತ?" ಎಂದು ಕೇಳಿದಳು.

"ಹಸನ ಮಾಡಿ ಕೊಡಬೇಕಂತಕ್ಕಾ. ಅವರ ಯಂತ್ರದಾಗ ಮಾಂಸ ನೋಡಿದ್ರ ಸಾಕು, ಎಲ್ಲಾ ತಿಳೀತೈತಿ," ಎಂದ ಮಾಯಪ್ಪ.

ಅವಳಿಗೂ ಅದು ಸರಿ ಕಂಡಿತು. ದೊಡ್ಡವರಿಗೆ ಹೊಟ್ಟೆ ತೆಗೆಯದ ಮೀನು ಕೊಡುವುದೆಂದರೆ ಮೀನುಗಾರ ಮಂದಿಯಲ್ಲಿ ಅವಮಾನ ಮಾಡಿದ ಹಾಗೆ. ಒಳ್ಳೆಯ ದೊಡ್ಡ ಮೀನನ್ನೇ ಆರಿಸಿ ಪೊರೆ ಹೆರೆದಳು. ಕಿವಿರು, ಕಾಳಿಜ, ಕರುಳು ಎಲ್ಲ ಕಿತ್ತೆಸೆದು, ಉಪ್ಪು ಅರಿಸಿನ ಸವರಿ, ಬಾಳೆ ಎಲೆಯಲ್ಲಿ ಸುತ್ತಿ ಕೊಟ್ಟಳು. ಮಾಯಪ್ಪ ಪಕ್ಕದಲ್ಲೇ ನಿಂತು ನೋಡುತ್ತಿದ್ದ.

ಹದಿನೈದು ದಿನಕ್ಕೆ ಕಾಗದ ಬಂತು. ಅವನೇ ಓದಿದ: "ಮಾಂಸದಾಗ ಏನೂ ದೋಷ ಇಲ್ಲಂತ."

ಕಾರ್ಖಾನೆಯವರು ಆ ಕಾಗದವನ್ನು ಊರೆಲ್ಲ ತೋರಿಸಿದರು. ಸಂತೆಯಲ್ಲಿ ಜನ ನಕ್ಕರು. ನಕ್ಕವರಲ್ಲಿ ನಾನೂ ಒಬ್ಬ, ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಕಡೆಗೆ ತಂಗೆವ್ವನಿಗೆ ತನ್ನ ಕಣ್ಣಿನ ಮೇಲೇ ನಂಬಿಕೆ ಹೋಯಿತು. ಓದಿದವರಿಗಿಂತ ನಾನು ಹೆಚ್ಚು ತಿಳಿದವಳೇ ಎಂದುಕೊಂಡು ಕೆರೆಯ ಮೀನನ್ನು ಮತ್ತೆ ಮಾರತೊಡಗಿದಳು, ಮನೆಯಲ್ಲೂ ಬೇಯಿಸಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಆ ಕಾಲೇಜಿನ ಸಿಪಾಯಿ ಬಾಳಗೊಂಡ ಸಂತೆಗೆ ಬಂದ. ಗಡಹಿಂಗ್ಲಜದ ಕಡೆಯವನು. ಇವಳೇ ತಂಗೆವ್ವ ಎಂದು ಗೊತ್ತಾದದ್ದೇ ತಡ, "ಏನ್ರಿ ಅಕ್ಕಾರ, ಮೀನ ಸಾರು ಮಾಡಾಕ ಕಳಸಿದ್ರೇನ? ರೋಗ ಕಾಣೂದು ಕಿವಿರಿನ್ಯಾಗ, ಕಾಳಿಜದಾಗ. ಇಡೀ ಮೀನ ತಗೊಂಡ್ ಬಾ ಅಂತ ಮಾಸ್ತರು ನನ್ನ ಮುಂದ ಮೂರ್ ಸಲ ಹೇಳಿದ್ರು ನಿಮ್ಮ ತಮ್ಮಗ," ಎಂದ.

ಪಾಪ, ಮರೆತಿರಬೇಕು ಹುಡುಗ ಎಂದೇ ಅವಳು ಅಂದುಕೊಂಡದ್ದು. ಕೇಳಿ ಬರೋಣವೆಂದು ಸಂಜೆ ತಮ್ಮನ ಮನೆಗೆ ಹೊರಟಳು. ತವರಿನವರ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಎರಡು ಮೀನನ್ನೂ ಹಿಡಿದಿದ್ದಳು. ಮಾಯಪ್ಪ ಮನೆಯಲ್ಲಿರಲಿಲ್ಲ, ಆ ಕಾಗದ ಬಂದ ತಿಂಗಳಲ್ಲೇ ಅವನನ್ನು ಕೂಲಿಗಳ ಮೇಲೆ ಮುಕಾದಮ ಮಾಡಿದ್ದರು, ಕಾರ್ಖಾನೆಯಿಂದ ಬರುವುದು ತಡ. ಅವನ ಹೆಂಡತಿ ಚೆನ್ನವ್ವ ಹೊಸ್ತಿಲಲ್ಲೇ ತಡೆದಳು.

"ಮೀನ ಒಳಗ ತರಬ್ಯಾಡ್ರಿ ಅಕ್ಕಾರ. ಕೆರ್‍ಯಾಗ ವಿಷ ಬಿಡಾಕತ್ತಾರ, ಹುಡುಗೂರಿಗೆ ಒಂದು ತುಣುಕೂ ಕೊಡಬ್ಯಾಡ ಅಂತ ಬ್ಯಾಸಗ್ಯಾಗನ ಹೇಳ್ಯಾರ ನಮ್ಮ ಮನಿಯವರು. ನಿಮಗ ಹೇಳಿಲ್ಲೇನ್ರಿ?"

ಮೊನ್ನೆ ಮಾಯಪ್ಪ ತಂಗೆವ್ವನ ಮನೆಗೆ ಬಂದಿದ್ದ. ಹಸಿವಿಲ್ಲವೆಂದು ತನ್ನ ತಾಟು ಸರಿಸಿ, ಅವಳ ಮಗಳು ಶಿವವ್ವ ಎರಡನೇ ಸಲ ಮೀನು ಬಡಿಸಿಕೊಂಡು ತಿನ್ನುವುದನ್ನು ನೋಡುತ್ತ ಕೂತಿದ್ದ.