ನೀಲವ್ವನಿಗೆ ನಾನು ಕಲಿಸದೆ ಬಿಟ್ಟದ್ದು

೧೯೭೪ನೆಯ ಇಸವಿ. ಆಗ ನಾನು ಇಂಡಿ ತಾಲ್ಲೂಕಿನ ಒಂದು ಕೆರೆ ಕಟ್ಟುವ ಕೆಲಸದಲ್ಲಿ ಹೆಣ್ಣಾಳುಗಳ ಗುಂಪಿಗೆ ಮುಕಾದಮ್ ಆಗಿದ್ದೆ. ಮುಕಾದಮ್ ಎಂದರೆ ಗುಂಪಿನ ಮುಂದಾಳು. ಬೆಳಿಗ್ಗೆ ತಲೆ ಎಣಿಸುವುದು, ಯಾರು ಅಗೆಯಬೇಕು ಯಾರು ಹೊರಬೇಕು ಎಂದು ಹಂಚುವುದು, ಮಣ್ಣು ನೋಡುವುದು, ಜಗಳ ಬಿಡಿಸುವುದು, ಸಂಜೆ ಮತ್ತೆ ತಲೆ ಎಣಿಸುವುದು. ಸಂಜೆಯ ಎಣಿಕೆ ಬೆಳಗಿನದಕ್ಕೆ ಹೊಂದಬೇಕು. ಒಂದು ದಿನ ಹೊಂದಲಿಲ್ಲ. ಅದನ್ನೇ ಬರೆಯುತ್ತಿದ್ದೇನೆ.

ನನ್ನ ಊರು ತಾಂಬಾ. ಹದಿನಾರಕ್ಕೆ ಮಣ್ಣು ಹೊರಲು ಬಂದವಳು, ನಲವತ್ತರ ಹೊತ್ತಿಗೆ ಇಪ್ಪತ್ತಾರು ಹೆಂಗಸರ ಗುಂಪು ನನ್ನ ಕೈಗೆ ಬಂದಿತ್ತು. ಆ ವರ್ಷ ಬೇಸಿಗೆಗೆ ಮೊದಲು ಓವರ್ಸಿಯರ್ ಸಾಹೇಬರು ನನ್ನನ್ನು ಕರೆದರು. ಮುಂದೆ ಮುದ್ದೇಬಿಹಾಳದ ಕಡೆ ದೊಡ್ಡ ಕಾಲುವೆ ಕೆಲಸ ಬರುತ್ತದೆ, ಬಾಗೇವಾಡಿ ಕಡೆಯೂ ಬರುತ್ತದೆ, ಆಳು ಎಷ್ಟಾದರೂ ಸಿಗುತ್ತಾರೆ, ಆಳು ನಡೆಸುವವರು ಸಿಗುವುದಿಲ್ಲ ಎಂದರು.

“ಸಂಗಕ್ಕ, ನೀ ಒಬ್ಬಾಕಿ ಎಷ್ಟು ಕಡೆ ನಿಲ್ಲಾಕಿ? ಇನ್ನೊಬ್ಬಾಕಿನ್ನ ತಯಾರ ಮಾಡು.”

ನಾನು ನೀಲವ್ವನನ್ನು ಆರಿಸಿದೆ. ಸಿಂದಗಿ ತಾಲ್ಲೂಕಿನ ದೇವಣಗಾಂವದ ಸೊಸೆ, ಇಪ್ಪತ್ತೆರಡು ವರ್ಷ. ನಾಲ್ಕನೆಯ ಇಯತ್ತೆ ಓದಿದ್ದಳು, ಹಾಜರಿ ಬರೆಯಲು ಬರುತ್ತಿತ್ತು. ಮಾತು ಕಡಿಮೆ, ಕಣ್ಣು ಚುರುಕು. ಅವಳ ಅತ್ತೆ ದ್ಯಾಮವ್ವನೂ ಅದೇ ಗುಂಪಿನಲ್ಲಿ ಅಗೆಯುತ್ತಿದ್ದಳು. ಒಂದು ಮನೆಯವರು ಒಂದೇ ಗುಂಪಿಗೆ ಬರುವುದು, ಕೆರೆಯ ಪಕ್ಕದಲ್ಲೇ ಗುಡಿಸಲು ಹಾಕಿ ಇರುವುದು ನಮ್ಮಲ್ಲಿ ರೂಢಿ.

ನಾಲ್ಕು ತಿಂಗಳು ಕಲಿಸಿದೆ. ನಮ್ಮ ಕಡೆ ಮೇಲೆ ಎರೆಮಣ್ಣು, ಕೆಳಗೆ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಸಡಿಲ ಮಣ್ಣು. ಗರಸು ಗುದ್ದಲಿಗೆ ಸುಲಭವಾಗಿ ಉದುರುತ್ತದೆ. ಅದಕ್ಕೇ ಆಳುಗಳು ಮೇಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಕಡಿಯುವುದು ಬಿಟ್ಟು ಬುಡ ಕೊರೆಯುತ್ತಾರೆ. ಬುಡ ಕೊರೆದರೆ ಮೇಲಿನ ಮಣ್ಣು ತಾನೇ ಬೀಳುತ್ತದೆ, ಅಗೆಯುವ ಕಷ್ಟವಿಲ್ಲ. ಯಾವಾಗ ಬೀಳುತ್ತದೆ ಎನ್ನುವುದು ಮಾತ್ರ ಯಾರ ಕೈಯಲ್ಲೂ ಇಲ್ಲ. ಅಗೆದು ನಿಂತ ಮಣ್ಣಿನ ಗೋಡೆಯ ನೆತ್ತಿಯ ಮೇಲೆ ಬಿರುಕು ಕಂಡರೆ ಅದರ ಮೇಲೆ ಹಸಿ ಮಣ್ಣು ಮೆತ್ತಬೇಕು. ಸ್ವಲ್ಪ ಹೊತ್ತು ಬಿಟ್ಟು ನೋಡಿದಾಗ ಆ ಮೆತ್ತಿದ ಮಣ್ಣು ನಡುವೆ ಸೀಳಿ ಬಾಯಿ ಬಿಟ್ಟಿದ್ದರೆ ಗೋಡೆ ಸರಿಯುತ್ತಿದೆ ಎಂದರ್ಥ. ಆಗ ಕೆಳಗಿನವರನ್ನು ಒಬ್ಬೊಬ್ಬರ ಹೆಸರು ಹಿಡಿದು ಕೂಗಿ ಹೊರಗೆ ಕರೆಯಬೇಕು. ‘ಎಲ್ಲರೂ ಬರ್ರಿ’ ಎಂದರೆ ಯಾರೂ ಬರುವುದಿಲ್ಲ, ಪ್ರತಿಯೊಬ್ಬಳೂ ಉಳಿದವರಿಗೆ ಹೇಳಿದ್ದು ಎಂದುಕೊಳ್ಳುತ್ತಾಳೆ.

ಇದೆಲ್ಲ ನೀಲವ್ವ ಕಲಿತಳು. ಒಂದು ವಿಷಯದಲ್ಲಿ ಮಾತ್ರ ತಡೆ ಇತ್ತು. ಅತ್ತೆಯ ಹೆಸರನ್ನು ಅವಳು ನಾಲಿಗೆಯ ಮೇಲೆ ತರುವಂತಿರಲಿಲ್ಲ. ಅತ್ತೆಯ ಎದುರು ದನಿ ಎತ್ತುವಂತಿರಲಿಲ್ಲ. ಹಾಜರಿ ಕೂಗುವಾಗಲೂ ಅತ್ತೆಯ ಹೆಸರು ಬಂದರೆ ಸೆರಗು ಸರಿಮಾಡಿಕೊಂಡು ಸುಮ್ಮನೆ ಒಂದು ಗೆರೆ ಎಳೆಯುತ್ತಿದ್ದಳು. ಹೆಂಗಸರು ನಗುತ್ತಿದ್ದರು. ದ್ಯಾಮವ್ವ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದಳು. ಕೆಟ್ಟವಳಲ್ಲ, ಬಾಯಿ ಜೋರು.

“ಗುಡಸಲದಾಗ ನಾ ಹೇಳಿದ್ದು ಆಕಿ ಕೇಳಬೇಕು, ಕೆರ್‍ಯಾಗ ಆಕಿ ಹೇಳಿದ್ದು ನಾ ಕೇಳಬೇಕು. ನಡುವ ಎಲ್ಲಿ ಅದಲಿ ಬದಲಿ ಆಗೋದು, ಅಲ್ಲೊಂದು ಕಲ್ಲ ನೆಡು ಸಂಗಕ್ಕ” ಎಂದಿದ್ದಳು. ನಾನೂ ನಕ್ಕೆ.

ನಾನು ಕಂಡುಕೊಂಡ ಉಪಾಯ ಇಷ್ಟು. ದ್ಯಾಮವ್ವನಿಗೆ ಏನಾದರೂ ಹೇಳುವುದಿದ್ದರೆ ನೀಲವ್ವ ನನ್ನ ಕಿವಿಗೆ ಹಾಕುವುದು, ನಾನು ಕೂಗಿ ಹೇಳುವುದು. ನಾಲ್ಕು ತಿಂಗಳು ಹಾಗೆಯೇ ನಡೆಯಿತು. ಮನೆಯ ಮರ್ಯಾದೆಯೂ ಉಳಿಯಿತು, ಕೆಲಸವೂ ನಡೆಯಿತು ಎಂದು ನಾನು ಜಂಬಪಟ್ಟುಕೊಂಡಿದ್ದೆ.

ಆಮೇಲೆ ಸಾಹೇಬರು ಎಂಟು ದಿನದ ಪರೀಕ್ಷೆ ಇಟ್ಟರು. ಎಂಟು ದಿನ ನೀಲವ್ವ ಒಬ್ಬಳೇ ಗುಂಪು ನಡೆಸಬೇಕು, ನಡೆಸಿದರೆ ಬಾಗೇವಾಡಿ ಕಡೆಯ ಗುಂಪು ಅವಳದು. ನಾನು ಕೆರೆ ಏರಿಯ ಆ ತುದಿಯಲ್ಲಿ ಬೇರೆ ಕೆಲಸಕ್ಕೆ ನಿಂತೆ. ಬೇಕೆಂದೇ ದೂರ ನಿಂತೆ.

ಮೂರನೆಯ ದಿನ, ಬಿಸಿಲು ಏರುವ ಹೊತ್ತು. ಗೋಡೆ ಎರಡು ಆಳು ಎತ್ತರವಿತ್ತು. ಅದರ ಕೆಳಗೆ ಅಗೆಯುವವರು ಹನ್ನೆರಡು ಮಂದಿ. ನೀಲವ್ವ ಬೆಳಿಗ್ಗೆ ನೆತ್ತಿಯ ಬಿರುಕಿಗೆ ಮಣ್ಣು ಮೆತ್ತಿ ಹೋಗಿದ್ದಳು, ಆಗ ಬಂದು ನೋಡಿದರೆ ಸೀಳಿತ್ತು. ಅವಳು ಗೋಡೆಯ ಪಕ್ಕದ ದಿಬ್ಬದ ಮೇಲೆ ನಿಂತು ಹೆಸರು ಕೂಗತೊಡಗಿದಳು. ನನಗೆ ಕೇಳಿತು. ಒಳ್ಳೆಯ ದನಿ, ನಾನು ಕಲಿಸಿದ ಹಾಗೆಯೇ ಒಂದೊಂದೇ ಹೆಸರು. ಎಣಿಸುವುದು ನನಗೆ ಚಟ. ಹನ್ನೊಂದು ಹೆಸರು ಎಣಿಸಿದೆ. ಹನ್ನೆರಡನೆಯದು ಬರಲಿಲ್ಲ.

ಅದು ಯಾರ ಹೆಸರೆಂದು ನನಗೆ ಗೊತ್ತಿತ್ತು. ಬುಟ್ಟಿ ಎಸೆದು ಓಡಿದೆ. ಓಡುತ್ತ ನಾನೇ ಕೂಗಿದೆ. ಗಾಳಿ ಎದುರಿಗಿತ್ತು, ನನ್ನ ಕೂಗು ನನ್ನ ಹಿಂದಕ್ಕೇ ಹೋಯಿತು.

ಮುಂದಿನದನ್ನು ಹೊರಗೆ ಬಂದ ಹೆಂಗಸರು ಹೇಳಿದರು. ನೀಲವ್ವ ಹತ್ತಿರವಿದ್ದವಳಿಗೆ, ನಮ್ಮ ಅತ್ತೆಗೆ ನೀ ಹೇಳು ಎಂದಳಂತೆ. ಅವಳಿಗೆ ತನ್ನ ಜೀವದ ಗಾಬರಿ, ಕೇಳಿಸಿಕೊಳ್ಳಲಿಲ್ಲ. ಆಗ ನೀಲವ್ವ ತಾನೇ ಕೆಳಗಿಳಿದು, ಗೋಡೆಯ ಬುಡಕ್ಕೆ ನಡೆದು, ಗುಡಿಸಲಿನಲ್ಲಿ ಊಟಕ್ಕೆ ಕರೆಯುವ ದನಿಯಲ್ಲಿ ಕರೆದಳು.

“ಅತ್ತಿ, ಮ್ಯಾಲ ಬರ್ರಿ.”

“ಈ ಒಂದ ಬುಟ್ಟಿ ತುಂಬಲಿ ತಡಿ” ಎಂದಳು ದ್ಯಾಮವ್ವ, ತಿರುಗಿಯೂ ನೋಡದೆ.

ಗೋಡೆ ಬಿತ್ತು.

ದ್ಯಾಮವ್ವನನ್ನು ಹೊರತೆಗೆಯುವಷ್ಟರಲ್ಲಿ ಜೀವ ಹೋಗಿತ್ತು. ಬಾಯಿ, ಮೂಗು ತುಂಬ ಗರಸು. ನೀಲವ್ವ ಸೊಂಟದ ತನಕ ಹೂತಿದ್ದಳು. ಅವಳನ್ನು ಸಿಂದಗಿ ದವಾಖಾನೆಗೆ ಒಯ್ದರು. ಕಾಲು ಉಳಿಯಿತು, ಮೊಣಕಾಲು ಮಾತ್ರ ಮತ್ತೆ ಮಡಚಲಿಲ್ಲ. ಸಂಜೆ ಹಾಜರಿ ಪುಸ್ತಕ ಹಿಡಿದು ನಿಂತೆ. ಬೆಳಗಿನ ಎಣಿಕೆಗೆ ಇಬ್ಬರು ಕಡಿಮೆ.

ಸಾಹೇಬರು ಕಾಗದ ಬರೆದು ತಂದರು. ಎಚ್ಚರಿಕೆ ಕೊಟ್ಟರೂ ಆಳು ಕೇಳಲಿಲ್ಲ ಎಂದು ಅದರಲ್ಲಿತ್ತು. ಸಹಿ ಮಾಡಿದೆ. ಸುಳ್ಳೇನೂ ಅಲ್ಲ. ನೀಲವ್ವ ಆ ಎಚ್ಚರಿಕೆಯನ್ನು ಯಾವ ದನಿಯಲ್ಲಿ ಕೊಟ್ಟಳು ಎಂದು ಬರೆಯಲು ಆ ಕಾಗದದಲ್ಲಿ ಜಾಗವಿರಲಿಲ್ಲ, ಇದ್ದಿದ್ದರೂ ನಾನು ಬರೆಸುತ್ತಿರಲಿಲ್ಲ.

ದಿನಕರ್ಮ ಮುಗಿದ ಮೇಲೆ ದೇವಣಗಾಂವಕ್ಕೆ ಹೋದೆ. ದ್ಯಾಮವ್ವನ ಗಂಡ ಕಟ್ಟೆಯ ಮೇಲೆ ಕೂತಿದ್ದ. ಸೊಸೆ ಒಳಗೆ ಕಾಲು ಚಾಚಿ ಮಲಗಿದ್ದಳು. ಅವಳೊಡನೆ ಆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಅವನು ಒಂದೇ ಮಾತು ಕೇಳಿದ.

“ಆಕಿ ಹೆಸರು ಹಿಡದ ಒದರಿದ್ದರ ನನ್ನ ಹೇಣ್ತಿ ಬರ್ತಿದ್ದಳೇನು?”

“ಬೈತಿದ್ದಳು” ಎಂದೆ. “ಬೈಕೋತ ಹೊರಗ ಬರ್ತಿದ್ದಳು. ಬೈಯಾಕಾದ್ರೂ ಬರ್ತಿದ್ದಳು.”

ಅವನು ತಲೆ ಆಡಿಸಿದ. ತನ್ನ ಹೆಂಡತಿ ಎಂಥವಳೆಂದು ಅವನಿಗೂ ಗೊತ್ತಿತ್ತು. ಒಳಗೆ ನೀಲವ್ವನಿಗೂ ಈ ಮಾತು ಕೇಳಿಸಿತು. ಕೇಳಿಸಲಿ ಎಂದೇ ಹೇಳಿದ್ದೆ. ತಪ್ಪು ಅವಳದಲ್ಲ, ನನ್ನದು ಎಂದೂ ಹೇಳಿದೆ. ಅತ್ತೆಯ ಹೆಸರನ್ನು ಅವಳ ಬದಲು ನಾಲ್ಕು ತಿಂಗಳು ನಾನು ಕೂಗಿದ್ದೆ. ಹಾಗೆ ಕೂಗಿದಷ್ಟು ದಿನವೂ ಅವಳಿಗೆ ಕೂಗದಿರುವುದನ್ನೇ ಕಲಿಸಿದ್ದೆ.

ಎರಡು ವರ್ಷದ ಮೇಲೆ ಮುದ್ದೇಬಿಹಾಳದ ಕಡೆ ಕಾಲುವೆ ಕೆಲಸಕ್ಕೆ ಹೋದೆವು. ಹೊಸ ಮುಕಾದಮ್‌ಗಳನ್ನು ತಯಾರು ಮಾಡುವ ಕೆಲಸ ಮತ್ತೆ ನನ್ನ ತಲೆಗೇ ಬಂತು. ಈ ಸಲ ನಾನು ಮಣ್ಣಿನಿಂದ ಶುರು ಮಾಡಲಿಲ್ಲ. ಆರಿಸಿದ ಹುಡುಗಿಯನ್ನು ಮೊದಲ ದಿನವೇ ದಿಬ್ಬದ ಮೇಲೆ ನಿಲ್ಲಿಸಿ, ಗುಂಪಿನಲ್ಲಿರುವ ಅವಳ ಹಿರಿಯರ ಹೆಸರು ಹಿಡಿದು ‘ಮ್ಯಾಲ ಬಾ’ ಎಂದು ಕೂಗಿಸುತ್ತಿದ್ದೆ. ‘ಬರ್ರಿ’ ಅಲ್ಲ, ‘ಬಾ’. ಅತ್ತೆ ಇದ್ದರೆ ಅತ್ತೆ, ಹಿರಿಯ ಓರಗಿತ್ತಿ ಇದ್ದರೆ ಓರಗಿತ್ತಿ. ದಿನಕ್ಕೆ ಮೂರು ಸಲ. ಮರ್ಯಾದೆಗೇಡಿ ಮುದುಕಿ ಎಂದು ಜನ ನನ್ನನ್ನು ಬೈದರು. ಎರಡು ಮನೆಯವರು ಸೊಸೆಯರನ್ನು ಕೆಲಸ ಬಿಡಿಸಿಕೊಂಡು ಹೋದರು. ಹೋಗಲಿ ಎಂದೆ.

ನೀಲವ್ವನೂ ಬಂದಿದ್ದಳು. ಕುಂಟುತ್ತ ಮಣ್ಣು ಹೊರುತ್ತಿದ್ದಳು. ಮುಕಾದಮ್ ಆಗು ಎಂದು ನಾನು ಕೇಳಲಿಲ್ಲ, ಅವಳೂ ಆ ಮಾತು ಎತ್ತಲಿಲ್ಲ. ಒಂದು ದಿನ ದಿಬ್ಬದ ಮೇಲೆ ನಿಂತ ಹೊಸ ಹುಡುಗಿ ಎಷ್ಟು ಹೇಳಿದರೂ ಬಾಯಿ ಬಿಡಲೊಲ್ಲಳು. ಅವಳ ಅತ್ತೆ ಕೆಳಗೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು, ಕೂಗಲಿ ನೋಡೋಣ ಎನ್ನುವ ಹಾಗೆ. ನನಗೂ ಸಾಕಾಗಿತ್ತು.

ಆಗ ನೀಲವ್ವ ಬುಟ್ಟಿ ಇಳಿಸಿದಳು. ಕಾಲೆಳೆಯುತ್ತ ದಿಬ್ಬ ಹತ್ತಿದಳು. ಹುಡುಗಿಯ ಪಕ್ಕ ನಿಂತು, ಯಾರೂ ಇಲ್ಲದ ಕಡೆ ಮುಖ ಮಾಡಿ ಕೂಗಿದಳು.

“ದ್ಯಾಮವ್ವಾ, ಮ್ಯಾಲ ಬಾ.”

ಕಾಲುವೆಯುದ್ದಕ್ಕೂ ಗುದ್ದಲಿಗಳು ನಿಂತವು. ನೀಲವ್ವ ಇಳಿದು ಬಂದು ಸಿಂಬೆ ತಲೆಗಿಟ್ಟು ಬುಟ್ಟಿ ಎತ್ತಿಕೊಂಡಳು. ಮೇಲಿದ್ದ ಹುಡುಗಿ ಅವಳನ್ನೇ ನೋಡಿದಳು, ಆಮೇಲೆ ತನ್ನ ಅತ್ತೆಯ ಹೆಸರು ಹಿಡಿದು ಕೂಗಿದಳು. ಅತ್ತೆ ಹುಡುಗಿಯ ತವರನ್ನೆಲ್ಲ ಬೈಯುತ್ತ ಮೇಲೆ ಬಂದಳು.

ಆಳು ನಡೆಸುವವರಿಗೆ ಏನೇನು ಕಲಿಸಬೇಕೆಂದು ಈಗಲೂ ಯಾರಾದರೂ ಕೇಳುತ್ತಾರೆ. ಮಣ್ಣು, ಅಳತೆ, ಲೆಕ್ಕ ಎಲ್ಲವನ್ನೂ ಯಾರು ಬೇಕಾದರೂ ಕಲಿಸಬಹುದು. ತಾನು ತಲೆಬಾಗುವವರಿಗೆ ಹೊರಗೆ ಬಾ ಎಂದು ಹೇಳುವುದನ್ನು ಮೊದಲು ಕಲಿಸಿ. ಅದು ಗೋಡೆ ಬೀಳುವ ದಿನ ಬಾಯಿಗೆ ತಾನಾಗಿ ಬರುವುದಿಲ್ಲ.

ನೀಲವ್ವ ಆ ಹೆಸರು ಕೂಗಿದ ದಿನ ಸಂಜೆ ತಲೆ ಎಣಿಸಿದೆ. ಹೊಂದಿತು.