ಜಡೆಕೋಲಾಟದ ಅಂಗಳವಿದ್ದ ಮನೆಯ ಕ್ರಯಪತ್ರ

ನಮ್ಮ ಕುಶಾಲನಗರ ಹೊಸದಾಗಿ ತಾಲ್ಲೂಕಾಗಿತ್ತು. ಮಾಸ್ಕುಗಳು ಮೂಗಿನಿಂದ ಇಳಿದು ಜೇಬು ಸೇರಿ, ನೋಂದಣಿ ಕಚೇರಿಯ ಮುಂದೆ ಜನ ಮತ್ತೆ ಒಬ್ಬರಿಗೊಬ್ಬರು ಅಂಟಿಕೊಂಡು ನಿಲ್ಲತೊಡಗಿದ್ದ ಕಾಲ. ಪತ್ರ ಬರಹಗಾರನಾಗಿ ನಾನು ಲೈಸೆನ್ಸ್ ಪಡೆದು ಆಗ ಇಪ್ಪತ್ತಾರು ವರ್ಷವಾಗಿತ್ತು. ಮನೆ, ಸೈಟು, ಗದ್ದೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ ಅದಕ್ಕೆ ಬೇಕಾದ ಪತ್ರವನ್ನು ಸಿದ್ಧಪಡಿಸುವುದು ನನ್ನ ಕೆಲಸ. ಮೊದಲು ಸ್ಟಾಂಪ್ ಪೇಪರಿನ ಮೇಲೆ ಕೈಯಲ್ಲೇ ಬರೆಯುತ್ತಿದ್ದೆ. ಈಗ ಕಂಪ್ಯೂಟರ್, ಆನ್‌ಲೈನ್ ಸ್ಲಾಟ್, ಬೆರಳಚ್ಚು, ಕ್ಯಾಮೆರಾ. ಆದರೂ ಪತ್ರದ ಭಾಷೆ ಹೆಚ್ಚು ಬದಲಾಗಿಲ್ಲ. ಸ್ವತ್ತಿನ ನಾಲ್ಕು ದಿಕ್ಕಿಗೆ ಏನಿದೆ ಎಂಬುದಕ್ಕೆ ಈಗಲೂ ಚೆಕ್ಕುಬಂದಿ ಎನ್ನುತ್ತೇವೆ. ಯಾವ ಹಕ್ಕನ್ನೂ ಉಳಿಸಿಕೊಳ್ಳದೆ ಪೂರ್ತಿಯಾಗಿ ಮಾರುವುದಕ್ಕೆ ಶುದ್ಧ ಕ್ರಯ ಎನ್ನುತ್ತೇವೆ.

ಇಷ್ಟು ವರ್ಷಗಳಲ್ಲಿ ನಾನು ಸಿದ್ಧಪಡಿಸಿದ ಪತ್ರಗಳ ಲೆಕ್ಕವಿಟ್ಟಿಲ್ಲ. ಹೆಚ್ಚಿನವು ಮರೆತೂ ಹೋಗಿವೆ. ಜಯಮ್ಮ ಟೀಚರ ಮನೆಯ ಪತ್ರ ಮಾತ್ರ ಮರೆಯುವಂತಿಲ್ಲ. ಅದರಲ್ಲಿ ನಾನು ತಪ್ಪು ಮಾಡುವುದಕ್ಕೆ ತೀರ ಹತ್ತಿರ ಹೋಗಿದ್ದೆ.

ಜಯಮ್ಮನವರು ಸರ್ಕಾರಿ ಪ್ರಾಥಮಿಕ ಶಾಲೆಯ ನಿವೃತ್ತ ಶಿಕ್ಷಕಿ. ಮದುವೆಯಾಗಿರಲಿಲ್ಲ. ಅವರ ತಂದೆ ಅರಕಲಗೂಡಿನ ಕಡೆಯಿಂದ ಬಂದು ಹಾರಂಗಿ ನಾಲೆಯ ಬದಿಯಲ್ಲಿ ಬೇಸಾಯ ಹಿಡಿದವರು. ಟೀಚರು ತಮ್ಮ ಸಂಬಳದಲ್ಲಿ ನಮ್ಮ ಬಡಾವಣೆಯಲ್ಲೇ ನಲವತ್ತು-ಅರವತ್ತರ ಸೈಟು ಕೊಂಡು ಮನೆ ಕಟ್ಟಿಸಿದ್ದರು. ಎಲ್ಲರೂ ಮನೆಯನ್ನು ರಸ್ತೆಗೆ ತಾಗಿಸಿ ಕಟ್ಟಿದರೆ ಅವರು ಹಿಂದಕ್ಕೆ ಸರಿಸಿ ಕಟ್ಟಿ, ಮುಂದೆ ಅಗಲವಾದ ಅಂಗಳ ಬಿಟ್ಟಿದ್ದರು. ಅಂಗಳದ ನಡುವೆ ಕಾಂಕ್ರೀಟಿನಲ್ಲಿ ಹೂತ ಹದಿಮೂರು ಅಡಿಯ ಕಬ್ಬಿಣದ ಕಂಬ. ಅದರ ತುದಿಯ ಬಳೆಯಿಂದ ಇಳಿಬಿದ್ದ ಹನ್ನೆರಡು ಬಣ್ಣದ ಹಗ್ಗಗಳು. ಅದು ಜಡೆಕೋಲಾಟದ ಕಂಬ.

ನೋಡದವರಿಗಾಗಿ ಹೇಳುತ್ತೇನೆ. ಹನ್ನೆರಡು ಹೆಂಗಸರು ಎಡಗೈಯಲ್ಲಿ ಹಗ್ಗ, ಬಲಗೈಯಲ್ಲಿ ಕೋಲು ಹಿಡಿದು ಸುತ್ತ ನಿಲ್ಲುತ್ತಾರೆ. ಆರು ಮಂದಿ ಈ ಕಡೆಯಿಂದ, ಆರು ಮಂದಿ ಆ ಕಡೆಯಿಂದ, ಹಾಡುತ್ತ, ಎದುರಾದವರ ಕೋಲಿಗೆ ಕೋಲು ತಾಗಿಸುತ್ತ, ಒಬ್ಬರ ಹಗ್ಗದಡಿ ನುಸುಳಿ ಮುಂದಿನವರನ್ನು ತಮ್ಮ ಹಗ್ಗದಡಿ ಬಿಟ್ಟುಕೊಂಡು ಸಾಗುತ್ತಾರೆ. ಕಂಬದ ಮೇಲೆ ಜಡೆ ಹೆಣೆಯುತ್ತ ಬರುತ್ತದೆ. ಆಮೇಲೆ ಅದೇ ಹೆಜ್ಜೆಗಳನ್ನು ತಿರುಗಿಸಿ ಹಾಕಿದರೆ ಜಡೆ ಬಿಚ್ಚಿಕೊಳ್ಳಬೇಕು. ಒಬ್ಬಳು ತಪ್ಪಿದರೂ ಗಂಟು ಬೀಳುತ್ತದೆ. ಟೀಚರ ಗುಂಪಿನಲ್ಲಿ ತಮಿಳು, ಮಲಯಾಳ, ಕೊಡವ ಭಾಷೆ ಆಡುವವರೆಲ್ಲ ಇದ್ದರು. ಹಾಡುವ ಪದ ಮಾತ್ರ ಎಲ್ಲರ ಬಾಯಲ್ಲೂ ಅರಕಲಗೂಡಿನ ಕನ್ನಡದ್ದೇ. ನನ್ನ ಹೆಂಡತಿ ಸಾವಿತ್ರಿ ಅಲ್ಲಿ ಒಂಬತ್ತನೆಯ ಹಗ್ಗದವಳು. ವಾರಕ್ಕೆ ನಾಲ್ಕು ಸಂಜೆ ಐದಕ್ಕೆ ಹೋದರೆ ಆರೂವರೆಗೆ ಬೆವರಿ, ನಗುತ್ತ ಬರುವಳು.

ಆ ವರ್ಷ ಟೀಚರ ತಂಗಿಗೆ ಅರಕಲಗೂಡಿನಲ್ಲಿ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು. ನೋಡಿಕೊಳ್ಳುವವರು ಬೇರೆ ಯಾರೂ ಇರಲಿಲ್ಲ. ಟೀಚರು ಮನೆ ಮಾರಿ ಅಲ್ಲಿಗೇ ಹೋಗುವುದೆಂದು ತೀರ್ಮಾನಿಸಿ, ಒಂದು ಬೆಳಿಗ್ಗೆ ಖಾತೆ, ಋಣಭಾರ ಪತ್ರ ಎಲ್ಲವನ್ನೂ ಬಟ್ಟೆಯ ಚೀಲದಲ್ಲಿ ತುಂಬಿಕೊಂಡು ನನ್ನ ಕಚೇರಿಗೆ ಬಂದರು. ಕೊಳ್ಳಲು ಎರಡು ಕಡೆಯವರಿದ್ದರು. ಒಬ್ಬ ಸೈಟುಗಳ ವ್ಯಾಪಾರಿ. ಇನ್ನೊಂದು, ಬಾಡಿಗೆ ಮನೆಯಲ್ಲಿದ್ದು ಬ್ಯಾಂಕ್ ಸಾಲಕ್ಕೆ ಅರ್ಜಿ ಹಾಕಿದ್ದ ಗಂಡ ಹೆಂಡತಿ. ವ್ಯಾಪಾರಿ ಕೊಂಚ ಹೆಚ್ಚಿನ ಬೆಲೆಗೆ ಒಪ್ಪಿದ್ದ.

"ಯಾರು ತಗೊಂಡ್ರೂ ನಂದೊಂದು ಷರತ್ತು, ಪುಟ್ಟಸ್ವಾಮಿಯೋರೇ" ಎಂದರು ಟೀಚರು. "ಕಂಬ ಕೀಳಬಾರ್ದು. ವಾರಕ್ಕೆ ನಾಕು ಸಂಜೆ ನಮ್ಮ ಹೆಣ್ಮಕ್ಕಳು ಅಂಗಳದಲ್ಲಿ ಆಡಕ್ಕೆ ಬಿಡಬೇಕು. ಪತ್ರದಲ್ಲೇ ಹಾಕ್ಬಿಡಿ."

ಅಲ್ಲೇ, ಆಗಲೇ ನಾನು ನಿಜ ಹೇಳಬೇಕಿತ್ತು. ಸ್ವತ್ತು ವರ್ಗಾವಣೆ ಕಾಯ್ದೆಯ ಹನ್ನೊಂದನೇ ಕಲಂ ನಮ್ಮ ವೃತ್ತಿಯವರಿಗೆಲ್ಲ ಬಾಯಿಪಾಠ. ಪೂರ್ತಿಯಾಗಿ ಮಾರಿದ ಸ್ವತ್ತನ್ನು ಕೊಂಡವರು ಹೀಗೆಯೇ ಬಳಸಬೇಕು ಎಂದು ಷರತ್ತು ಹಾಕಿದರೆ, ಆ ಷರತ್ತು ಇಲ್ಲವೆಂದೇ ತಿಳಿದು ಅವರು ತಮ್ಮಿಷ್ಟದಂತೆ ಬಳಸಬಹುದು. ಮಾರಿದವರಿಗೆ ಪಕ್ಕದಲ್ಲೇ ಬೇರೆ ಜಾಗವಿದ್ದು ಅದರ ಉಪಯೋಗಕ್ಕೆ ಬೇಕಾದದ್ದಾದರೆ ಮಾತು ಬೇರೆ. ಟೀಚರಿಗೆ ಆ ಒಂದು ಸೈಟು ಬಿಟ್ಟರೆ ಇನ್ನೇನೂ ಇರಲಿಲ್ಲ. ಇದೆಲ್ಲ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವರ ಮುಖ ನೋಡಿ, "ಆಯ್ತು ಟೀಚರ್, ನೋಡೋಣ" ಎಂದುಬಿಟ್ಟೆ.

ಮಧ್ಯಾಹ್ನದ ಹೊತ್ತಿಗೆ ವ್ಯಾಪಾರಿ ಬಂದ. ಟೀಚರ ಷರತ್ತು ಅವನಿಗೂ ತಿಳಿದಿತ್ತು. "ಎಷ್ಟು ಬೇಕಾದ್ರೂ ಹಾಕಿ ಸಾರ್. ನಾಕು ಸಂಜೆ ಯಾಕೆ, ಏಳು ಸಂಜೆ ಅಂತ್ಲೇ ಹಾಕಿ" ಎಂದು ನಕ್ಕ. "ಅದು ನಿಲ್ಲಲ್ಲ ಅಂತ ನಿಮಗೂ ಗೊತ್ತು, ನಂಗೂ ಗೊತ್ತು. ಆಯಮ್ಮ ಖುಷಿಯಾಗಿ ಸೈನ್ ಹಾಕ್ಲಿ." ಮನೆಯನ್ನು ಕೆಡವಿ ಟೂರಿಸ್ಟ್ ರೂಮುಗಳನ್ನು ಕಟ್ಟುವ ನಕ್ಷೆ ಅವನ ಫೋನಿನಲ್ಲೇ ಇತ್ತು. ಅಂಗಳವಿದ್ದ ಜಾಗದಲ್ಲಿ ಕಾರ್ ಪಾರ್ಕಿಂಗ್.

ನಾನು ಷರತ್ತು ಸೇರಿಸಿ ಕರಡು ಟೈಪ್ ಮಾಡಿದೆ. ಮನಸ್ಸಿಗೆ ಸಮಾಧಾನ ಹೇಳಿಕೊಂಡದ್ದು ಹೀಗೆ: ಬರಹಗಾರ ಕಕ್ಷಿದಾರರು ಹೇಳಿದ್ದನ್ನು ಬರೆಯುತ್ತಾನೆ, ಅಷ್ಟೇ. ಸಂಜೆ ಮನೆಗೆ ಹೋದರೆ ಸಾವಿತ್ರಿ ಪಾಯಸ ಮಾಡಿದ್ದಳು. "ರೀ, ಅಂಗಳ ಉಳೀತಂತೆ! ಎಲ್ಲರೂ ನಿಮ್ಮ ಹೆಸರೇ ಹೇಳ್ತಿದ್ರು" ಎಂದು ಎರಡನೆಯ ಸಲ ಬಡಿಸಿದಳು. ಆ ಪಾಯಸವನ್ನು ಹಾಗೆಯೇ ಬಿಟ್ಟು ಕೈ ತೊಳೆದೆ.

ಮರುದಿನ ಆಟವಿತ್ತು. ಎಷ್ಟೋ ವರ್ಷಗಳಿಂದ ಪಕ್ಕದ ರಸ್ತೆಯಲ್ಲೇ ಇದ್ದರೂ ನಾನು ಪೂರ್ತಿ ಕೂತು ನೋಡಿದವನಲ್ಲ. ಅಂದು ಹೋಗಿ ಗೇಟಿನ ಬಳಿಯ ಕಲ್ಲುಬೆಂಚಿನ ಮೇಲೆ ಕೂತೆ. ಟೀಚರು ಜಗಲಿಯ ಮೇಲೆ ನಿಂತು ಪದ ಎತ್ತಿಕೊಟ್ಟರು. ಹನ್ನೆರಡು ಕೋಲುಗಳು ಒಂದೇ ಸದ್ದಾಗಿ ಬಿದ್ದವು. ಮನೆಯಲ್ಲಿ ಮಂಡಿನೋವು ಎನ್ನುವ ಸಾವಿತ್ರಿ ಅಲ್ಲಿ ಬಾಗಿ, ನುಸುಳಿ, ತಿರುಗಿ ಬರುತ್ತಿದ್ದಳು. ಹಾಡುವಾಗ ಅವಳ ಗಲ್ಲ ಸ್ವಲ್ಪ ಮೇಲಕ್ಕೆ ಏಳುತ್ತದೆ ಎಂಬುದು ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಗೊತ್ತಿರಲಿಲ್ಲ. ಕೆಂಪು, ಹಸಿರು, ಹಳದಿ ಹಗ್ಗಗಳು ಕಂಬದ ಮೇಲೆ ಹಾವಿನ ಮೈಯಂತೆ ಹೆಣೆದುಕೊಂಡು ಎದೆಯೆತ್ತರಕ್ಕೆ ಇಳಿದವು. ಆಮೇಲೆ ಎಲ್ಲರೂ ತಿರುಗಿದರು. ಬಿಚ್ಚುವಾಗ ಯಾರೂ ಮಾತಾಡುವುದಿಲ್ಲ, ಪದವೂ ಮೆಲ್ಲಗಾಗುತ್ತದೆ. ಕೊನೆಯ ಹೆಣಿಗೆ ಬಿಟ್ಟು ಹಗ್ಗಗಳು ಸಡಿಲವಾದಾಗ ಹನ್ನೆರಡು ಮಂದಿಯೂ ಒಟ್ಟಿಗೆ ಉಸಿರು ಬಿಟ್ಟರು. ನಾನೂ ಬಿಟ್ಟೆ.

ಇವರೆಲ್ಲ ನನ್ನ ಒಂದು ಸಾಲನ್ನು ನಂಬಿ ಕೂತಿದ್ದಾರಲ್ಲ ಎನ್ನಿಸಿತು.

ಎಲ್ಲರೂ ಹೊರಡುವ ತನಕ ಕಾದು ಟೀಚರ ಹತ್ತಿರ ಹೋದೆ. ಸಾವಿತ್ರಿ ಹಗ್ಗಗಳನ್ನು ಸುತ್ತಿ ಕಟ್ಟುತ್ತಿದ್ದಳು. "ಟೀಚರ್, ಆ ಷರತ್ತು ಬರೆದರೂ ನಿಲ್ಲಲ್ಲ. ಕೊಂಡೋರು ಮಾರನೇ ದಿನವೇ ಕಂಬ ಕಿತ್ತರೂ ಕೋರ್ಟಲ್ಲಿ ಏನೂ ಮಾಡಕ್ಕಾಗಲ್ಲ. ನಿನ್ನೆಯೇ ಹೇಳಬೇಕಿತ್ತು" ಎಂದೆ. ವ್ಯಾಪಾರಿಯ ನಕ್ಷೆಯ ವಿಷಯವನ್ನೂ ಹೇಳಿದೆ.

ಅವರು ಜಗಲಿಯ ಮೆಟ್ಟಿಲ ಮೇಲೆ ಮೆಲ್ಲಗೆ ಕೂತರು. "ಮೂವತ್ತಾರು ವರ್ಷ ಮಕ್ಕಳ ಕಾಪಿಪುಸ್ತಕ ತಿದ್ದಿದೋಳು ನಾನು. ಉತ್ತರ ತಪ್ಪು ಅಂತ ಗೊತ್ತಿದ್ದೂ ಸರಿ ಹಾಕಿ ಕೊಡಕ್ಕೆ ಹೊರಟಿದ್ರಲ್ಲ, ಪುಟ್ಟಸ್ವಾಮಿಯೋರೇ" ಎಂದರು. ಧ್ವನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು.

ಮನೆಗೆ ಬರುವ ದಾರಿಯುದ್ದಕ್ಕೂ ಸಾವಿತ್ರಿ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಗೇಟು ತೆಗೆಯುವಾಗ, "ಹೇಳಿದ್ದು ಒಳ್ಳೇದಾಯ್ತು. ಆದ್ರೂ ನಂಗೆ ಇವತ್ತು ನಿಮ್ಮ ಮೇಲೆ ಸಿಟ್ಟಿದೆ" ಎಂದಳು. ಎರಡೂ ನ್ಯಾಯವೇ ಆಗಿತ್ತು.

ಎರಡು ದಿನಗಳ ಮೇಲೆ ಟೀಚರು ಇನ್ನೊಂದು ಕಡೆಯ ಗಂಡ ಹೆಂಡತಿಯನ್ನು ನನ್ನ ಕಚೇರಿಗೆ ಕರೆಸಿದರು. ಹೆಂಡತಿ ವನಿತಾ ಆಸ್ಪತ್ರೆಯಲ್ಲಿ ನರ್ಸ್. ಗಂಡ ಮೋಹನ ಪಿಕಪ್ ಓಡಿಸುತ್ತಿದ್ದ. ಮಡಿಕೇರಿಯ ಆಚೆಯ ಹಳ್ಳಿಯಿಂದ ಬಂದವರು. ತಮ್ಮೊಳಗೆ ಅರೆಭಾಷೆ, ನಮ್ಮೊಡನೆ ಎಲ್ಲರ ಕನ್ನಡ. ಟೀಚರು ಈ ಸಲ ಪತ್ರದ ಮಾತೆತ್ತದೆ ನೇರವಾಗಿ ಕೇಳಿದರು: "ವಾರಕ್ಕೆ ನಾಕು ಸಂಜೆ ನಮ್ಮೋರು ಆಡಕ್ಕೆ ಬಿಡ್ತೀಯೇನಮ್ಮ?"

ಮೋಹನ ತಕ್ಷಣ, "ಅದಕ್ಕೆಂತ ಟೀಚರ್, ಧಾರಾಳ ಆಡ್ಲಿ" ಎಂದ.

ವನಿತಾ ಅವನ ಮೊಣಕೈ ಮುಟ್ಟಿದಳು. "ಸುಳ್ಳು ಹೇಳುದು ಬೇಡ" ಎಂದು ಅವನಿಗೆ ಮೆಲ್ಲಗೆ ಹೇಳಿ ಟೀಚರ ಕಡೆ ತಿರುಗಿದಳು. "ಟೀಚರ್, ನಂಗೆ ತಿಂಗಳಲ್ಲಿ ಇಪ್ಪತ್ತು ದಿನ ನೈಟ್ ಡ್ಯೂಟಿ. ಬೆಳಿಗ್ಗೆ ಬಂದು ಅಡುಗೆ, ಬಟ್ಟೆ ಮುಗಿಸಿ ಮಲಗುವಾಗ ಹನ್ನೆರಡು ಗಂಟೆ ದಾಟ್ತದೆ. ಸಂಜೆ ಆರರ ತನಕ ನಿದ್ದೆ ಬೇಕು. ಈಗ ಆಗಲಿ ಅಂದ್ರೆ ಒಂದು ತಿಂಗಳು ತಡ್ಕೊಳ್ತೇನೆ. ಆಮೇಲೆ ಒಂದು ದಿವಸ ನಾನೇ ಗೇಟಿಗೆ ಬೀಗ ಹಾಕ್ತೇನೆ. ಇಷ್ಟು ಜನರ ಬಾಯಲ್ಲಿ ಕೆಟ್ಟವಳಾಗಿ ಆ ಮನೆಯಲ್ಲಿ ಇರ್ಲಿಕ್ಕೆ ನಂಗೆ ಇಷ್ಟ ಇಲ್ಲ."

ಮೋಹನ ನೆಲ ನೋಡುತ್ತಿದ್ದ. ಮನೆ ಕೈತಪ್ಪಿತೆಂದು ಅವನು ತಿಳಿದಿದ್ದ. ನಾನೂ ಹಾಗೆಯೇ ತಿಳಿದೆ.

"ಭಾನುವಾರ ಆಗ್ತದೆ" ಎಂದಳು ವನಿತಾ. "ಹೆಚ್ಚಾಗಿ ಶನಿವಾರ ರಾತ್ರಿ ನಂಗೆ ಆಫ್. ಭಾನುವಾರ ಬೆಳಿಗ್ಗೆ ಬಂದು ಆಡ್ಲಿ. ಕಂಬಕ್ಕೆ ನಾನು ಕೈ ಹಾಕುದಿಲ್ಲ. ಅದಕ್ಕಿಂತ ಹೆಚ್ಚು ಹೇಳ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ."

ಟೀಚರು ಕೇಳಿದ್ದು ಬೇರೆಯೇ: "ಯಾವ ವಾರ್ಡಮ್ಮ ನಿಂದು?"

"ಮೆಡಿಕಲ್ ವಾರ್ಡ್. ಸ್ಟ್ರೋಕ್ ಆದವರೇ ಜಾಸ್ತಿ."

"ನನ್ನ ತಂಗಿಗೂ ಅದೇ. ಬೆನ್ನಲ್ಲಿ ಹುಣ್ಣಾಗ್ತಾ ಇದೆ. ಎತ್ತಕ್ಕೆ ಹೋದ್ರೆ ಅಳ್ತಾಳೆ."

ವನಿತಾ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಬಿದ್ದುಹೋದ ಕೈಯನ್ನು ಹಿಡಿದು ಎಳೆಯಬಾರದು, ಭುಜದ ಹಿಂದೆ ಒಂದು ಕೈ, ಸೊಂಟದ ಬಳಿ ಇನ್ನೊಂದು ಕೈ ಇಟ್ಟು ನಮ್ಮ ಕಡೆಗೆ ಹೊರಳಿಸಿಕೊಳ್ಳಬೇಕು ಎಂದಳು. ಬಾಯಲ್ಲಿ ಹೇಳಿದ್ದು ಸಾಲದೆಂದು ನನ್ನ ಕಚೇರಿಯ ಉದ್ದ ಬೆಂಚಿನ ಮೇಲೆ ಮೋಹನನನ್ನು ಮಲಗಿಸಿ ತೋರಿಸಿದಳು. ಟೀಚರು ಸೆರಗು ಸೊಂಟಕ್ಕೆ ಸಿಕ್ಕಿಸಿ ಮೋಹನನನ್ನು ಎರಡು ಸಲ ಹೊರಳಿಸಿ ಕಲಿತರು. ಅವನು ಪಾಪ, ಕಣ್ಣು ಮುಚ್ಚಿಕೊಂಡು ನಾಚಿಕೆಯಿಂದ ನಗುತ್ತ ಬಿದ್ದಿದ್ದ.

ಸೆರಗು ಸರಿಪಡಿಸಿಕೊಳ್ಳುತ್ತ ಟೀಚರು ನನಗೆ ಹೇಳಿದರು: "ಇವರಿಗೇ ಬರೀರಿ. ಷರತ್ತು ತೆಗೆದುಬಿಡಿ."

"ಬೆಲೆ ಸ್ವಲ್ಪ ಕಮ್ಮಿ ಆಗುತ್ತಲ್ಲ ಟೀಚರ್" ಎಂದೆ.

"ಆಗಲಿ. ಎಲ್ಲದಕ್ಕೂ ಹೂಂ ಅಂದೋರು ಒಂದು ಹಗ್ಗಾನೂ ಉಳಿಸ್ತಿರ್ಲಿಲ್ಲ. ಈ ಮಗು ಆಗಲ್ಲ ಅಂತ ಹೇಳಿ ಒಂದು ಬೆಳಗು ಕೊಟ್ಟಳು. ಅದು ನಂಗೆ ಸಾಕು."

ಬ್ಯಾಂಕ್ ಸಾಲ ಮಂಜೂರಾದ ಮೇಲೆ ನೋಂದಣಿಯಾಯಿತು. ಅಂದು ನೋಂದಣಿ ಕಚೇರಿಯ ವರಾಂಡದಲ್ಲಿ ನಾನು ಪತ್ರವನ್ನು ಇಬ್ಬರಿಗೂ ಓದಿ ಹೇಳಿದೆ. ಕೊನೆಯ ಭಾಗದಲ್ಲಿ ಎಲ್ಲ ಕ್ರಯಪತ್ರಗಳಲ್ಲೂ ಬರುವ ಸಾಲೊಂದಿದೆ: ಸದರಿ ಸ್ವತ್ತನ್ನು ಇಂದಿನಿಂದ ನೀವು ಸುಖವಾಗಿ ಅನುಭವಿಸಿಕೊಂಡು ಬರತಕ್ಕದ್ದು. ಎಷ್ಟೋ ಸಲ ಉಸಿರು ತೆಗೆಯದೆ ಓದಿದ ಸಾಲು ಅದು. ಅಂದು ಅದನ್ನು ಓದಿ ನಿಲ್ಲಿಸಬೇಕಾಯಿತು. ಟೀಚರು ವನಿತಾಳ ಬೆನ್ನ ಮೇಲೆ ಕೈಯಿಟ್ಟು, "ಹೂಂ, ಸುಖವಾಗಿ" ಎಂದರು. ಆಮೇಲೆ ಒಳಗೆ ಹೋಗಿ ಬೆರಳಚ್ಚು ಕೊಟ್ಟರು. ಸುಣ್ಣದಕಡ್ಡಿ ಹಿಡಿದು ಸವೆದ ಬೆರಳು. ಯಂತ್ರ ನಾಲ್ಕನೆಯ ಸಲಕ್ಕೆ ಗುರುತು ಹಿಡಿಯಿತು.

ಟೀಚರು ಹೋದ ಮೇಲೆ ಗುಂಪಿನವರು ಆ ಕಡೆ ತಲೆ ಹಾಕಲಿಲ್ಲ. ವಾರಕ್ಕೊಂದೇ ಬೆಳಗಾಯಿತಲ್ಲ ಎಂಬ ಮುನಿಸು ಕೆಲವರಿಗೆ, ಬೇರೆಯವರ ಮನೆ ಎಂಬ ಸಂಕೋಚ ಕೆಲವರಿಗೆ. ಐದು ಭಾನುವಾರ ಹೀಗೆ ಕಳೆದವು. ಆರನೆಯ ಭಾನುವಾರ ಬೆಳಿಗ್ಗೆ ವನಿತಾ ನಮ್ಮ ಮನೆಯ ಬಾಗಿಲಿಗೇ ಬಂದಳು. "ಸಾವಿತ್ರಕ್ಕ, ನಾನು ಪ್ರತಿ ವಾರ ಅಂಗಳ ಗುಡಿಸಿ ಕಾಯ್ತಾ ಇದ್ದೇನೆ. ನೀವು ಯಾರೂ ಬರುದೇ ಇಲ್ಲ" ಎಂದಳು. ಕಣ್ಣಲ್ಲಿ ನೀರಿತ್ತು. ಸಾವಿತ್ರಿ ಒಲೆ ಆರಿಸಿ, ಕೈ ಒರೆಸಿಕೊಂಡು, ನನಗೆ ತಿಂಡಿಯನ್ನೂ ಕೊಡದೆ ಹೊರಟುಹೋದಳು. ಮನೆಮನೆಗೆ ಹೋಗಿ, ತಾನೂ ಸೇರಿ ಒಂಬತ್ತು ಮಂದಿಯಾಗುವಂತೆ ಕೂಡಿಸಿದಳು. ಬೆಸ ಸಂಖ್ಯೆಯಲ್ಲಿ ಜಡೆ ಹೆಣೆಯಲಾಗದು. ವನಿತಾ ಹತ್ತನೆಯ ಹಗ್ಗ ಹಿಡಿದಳು. ಆ ದಿನ ಬಿದ್ದ ಗಂಟು ಬಿಡಿಸಲು ಮಧ್ಯಾಹ್ನವಾಯಿತಂತೆ. ಸಾವಿತ್ರಿ ನಕ್ಕು ನಕ್ಕು ಸುಸ್ತಾಗಿ ಬಂದಳು.

ಈಗಲೂ ಭಾನುವಾರ ಮಾತ್ರ ಆಟ. ಇಬ್ಬರು ಶಾಶ್ವತವಾಗಿ ಬಿಟ್ಟರು. ಅವರ ಸಿಟ್ಟು ಹೋಗಿಲ್ಲ, ನನ್ನ ಮೇಲೂ ಇದೆ. ಟೀಚರ ತಂಗಿಯ ಬೆನ್ನಿನ ಹುಣ್ಣು ಮಾಗಿದೆ, ದಿಂಬಿಗೆ ಒರಗಿ ಕೂರುವಷ್ಟಾಗಿದ್ದಾರೆ. ಟೀಚರು ಆಗಾಗ ಫೋನ್ ಮಾಡುವುದು ವನಿತಾಳಿಗೆ. ಅಲ್ಲಿಯ ಸುದ್ದಿ ನಮಗೆ ತಿಳಿಯುವುದು ಅವಳಿಂದಲೇ.

ಮುಂದೆ ಬರುವ ಜಗಳಗಳನ್ನೆಲ್ಲ ಮೊದಲೇ ಊಹಿಸಿ ಒಂದೊಂದಕ್ಕೂ ಒಂದು ಸಾಲು ಬರೆಯುವವನೇ ಒಳ್ಳೆಯ ಬರಹಗಾರನೆಂದು ನಾನು ಬಹಳ ವರ್ಷ ನಂಬಿದ್ದೆ. ಆ ಸಾಲುಗಳನ್ನು ಈಗಲೂ ಬರೆಯುತ್ತೇನೆ. ಆದರೆ ಅದಕ್ಕೆ ಮೊದಲು ಕೊಳ್ಳುವವರನ್ನೂ ಕೊಡುವವರನ್ನೂ ಎದುರುಬದುರು ಕೂರಿಸಿ, ಇದರಲ್ಲಿ ನಿಮ್ಮಿಂದ ಆಗದೇ ಇರುವುದು ಏನು ಎಂದು ಇಬ್ಬರನ್ನೂ ಕೇಳುತ್ತೇನೆ. ಹೆಚ್ಚಿನವರು ಏನೂ ಇಲ್ಲ ಎನ್ನುತ್ತಾರೆ. ಆಗ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತೇನೆ. ಯಾರಾದರೊಬ್ಬರು ತಡವರಿಸಿ, "ಒಂದು ವಿಷಯ ಉಂಟು" ಎಂದು ಬಾಯಿ ತೆರೆದ ಮೇಲೆ ಪತ್ರ ಶುರು ಮಾಡುತ್ತೇನೆ.